ಬರಿಗೈಯಲ್ಲಿ ಮುಟ್ಟಬಾರದ ವಸ್ತು

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳಿಂದ ಹಾರಿಬರುವ ಕರಿಬೂದಿ ಬೀಳದ ಅಂಗಳವಿಲ್ಲ. ಬಿಳಿ ಪಂಚೆ ಒಣಹಾಕುವವರು ಗಾಳಿ ಯಾವ ಕಡೆಗಿದೆ ಎಂದು ನೋಡಿಯೇ ಹಾಕುತ್ತಾರೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ ವೀರಭದ್ರಮ್ಮನವರು ಮಾತ್ರ ಗಾಳಿಯನ್ನು ನಂಬುತ್ತಿರಲಿಲ್ಲ. ಎಂತಹ ಬೇಸಿಗೆಯಲ್ಲೂ ಅವರ ಶಾಲೆಯ ಒಳಕೋಣೆಯ ಕಿಟಕಿ ಮುಚ್ಚಿಯೇ ಇರುತ್ತಿತ್ತು. ಆ ಕೋಣೆಯಲ್ಲಿ ಕಂಪ್ಯೂಟರ್ ಇತ್ತು.

ಅದು ಹೊಸದೇನಲ್ಲ. ಬಳ್ಳಾರಿಯ ಕಚೇರಿಯೊಂದು ಹೊಸ ಯಂತ್ರ ತರಿಸಿಕೊಂಡಾಗ ಮಾರಿದ ಹಳೆಯದು. ವೀರಭದ್ರಮ್ಮನವರು ಅದಕ್ಕೆ ಹಳೆಯ ಸೀರೆಯಿಂದ ಎರಡು ಪದರದ ಗವುಸು ಹೊಲಿದಿದ್ದರು. ರಾತ್ರಿ ಮಲಗುವ ಮುಂಚೆ ಬೀಗ ಎಳೆದು ನೋಡುತ್ತಿದ್ದರು, ಮಲಗಿದ ಮೇಲೆ ಎದ್ದು ಬಂದು ಮತ್ತೊಮ್ಮೆ ಎಳೆಯುತ್ತಿದ್ದರು. ಅವರ ಗಂಡ ಕೊಟ್ಟೂರಪ್ಪ ಮುಂದಿನ ಕೋಣೆಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. "ಕಳ್ಳಗ ಅದನ್ನ ಕದಿಯೋದಕ್ಕಿಂತ ನಿನ್ನ ಕಣ್ಣ ತಪ್ಪಿಸೋದ ಕಷ್ಟ ಐತಿ ಲೇ," ಎಂದು ನಗುತ್ತಿದ್ದರು.

ಚಿಂತೆ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ ಎಂದು ಅವರನ್ನು ಬಲ್ಲವರು ಹೇಳುತ್ತಾರೆ. ಕುರುಗೋಡಿನ ಒಕ್ಕಲು ಮನೆಯ ಮಗಳು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿ ಟೈಪಿಂಗ್ ಕಲಿತವರು. ಆ ಕಾಲಕ್ಕೆ ಅವರ ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಸ್ ಹತ್ತುತ್ತಿರಲಿಲ್ಲ. ಮೊದಲ ಕೆಲವು ತಿಂಗಳು ತಾಯಿ ಜಂಬಮ್ಮ ಜೊತೆಗೇ ಹೋಗಿ, ಮಗಳು ಒಳಗೆ ಟಕಟಕ ಅನ್ನಿಸುವಷ್ಟು ಹೊತ್ತು ಹೊರಗಿನ ಮೆಟ್ಟಿಲ ಮೇಲೆ ಕೂತು ದೀಪದ ಬತ್ತಿ ಹೊಸೆಯುತ್ತಿದ್ದರು. ಆಗ ವೀರಭದ್ರಮ್ಮನವರಿಗೆ ಭಯವಿರಲಿಲ್ಲ, ಕಲಿಯುವ ಆಸೆಯೊಂದೇ ಇತ್ತು. ಮದುವೆಯಾಗಿ ಸಿರುಗುಪ್ಪಕ್ಕೆ ಬಂದು, ಎರಡು ಹಳೆಯ ಟೈಪ್‌ರೈಟರ್ ಇಟ್ಟು ಶಾಲೆ ತೆರೆದು, ಸುತ್ತಲಿನ ಹಳ್ಳಿಗಳ ಹುಡುಗಿಯರು ತಮ್ಮನ್ನು ನಂಬಿ ಬರತೊಡಗಿದ ಮೇಲೆ ಭಯವೂ ಬಂತು. ಬೇರೆಯವರ ಮಕ್ಕಳು ಎಂಬ ಮಾತನ್ನು ಅವರು ಬಹಳ ಸಲ ಆಡುತ್ತಿದ್ದರು.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಆ ಭಯಕ್ಕೆ ಒಂದು ನಿಜವಾದ ಕಾರಣ ಸಿಕ್ಕಿತು. ಅವರು ಹುಡುಗಿಯರನ್ನು ಕಂಪ್ಯೂಟರ್ ಪ್ರಮಾಣಪತ್ರದ ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ಪರೀಕ್ಷೆ ನಡೆಸುವ ಬೆಂಗಳೂರಿನ ಮಂಡಳಿ ಆ ವರ್ಷ ಹೊಸ ನಿಯಮ ಮಾಡಿತು. ಪರೀಕ್ಷೆಯ ಪ್ರೋಗ್ರಾಂ ದೊಡ್ಡದಾಗಿದೆ, ಅದು ಓಡಬೇಕಾದರೆ ಯಂತ್ರದಲ್ಲಿ ಐನೂರ ಹನ್ನೆರಡು ಕೆ.ಬಿ. ಮೆಮೊರಿ ಇರಲೇಬೇಕು, ಇಲ್ಲದ ಶಾಲೆಯವರು ಬಳ್ಳಾರಿ ಕೇಂದ್ರಕ್ಕೆ ಬಂದು ಬರೆಯಬೇಕು. ಮೆಮೊರಿ ಎಂದರೆ ಕೆಲಸ ಮಾಡುವಾಗ ಯಂತ್ರ ಒಂದೇ ಸಲಕ್ಕೆ ನೆನಪಿಟ್ಟುಕೊಳ್ಳಬಲ್ಲಷ್ಟು ಜಾಗ. ವೀರಭದ್ರಮ್ಮನವರ ಯಂತ್ರದಲ್ಲಿ ಅದು ಬೇಕಾದುದರ ಅರ್ಧದಷ್ಟೇ ಇತ್ತು.

ಸುದ್ದಿ ತಿಳಿದ ಮರುದಿನವೇ ಕರೂರಿನಿಂದ ಹುಲುಗಪ್ಪ ಬಂದ. ಅವನ ಮಗಳು ಊರಮ್ಮ ಎರಡು ವರ್ಷದಿಂದ ಇಲ್ಲಿ ಕಲಿಯುತ್ತಿದ್ದಳು. ಆ ಶಾಲೆಗೆ ಬಂದವರಲ್ಲೆಲ್ಲ ಅವಳಷ್ಟು ಸ್ವಚ್ಛವಾಗಿ ಟೈಪ್ ಮಾಡುವವಳು ಇರಲಿಲ್ಲ. ಪ್ರಮಾಣಪತ್ರ ತಂದರೆ ಕೆಲಸ ಕೊಡುತ್ತೇನೆ ಎಂದು ಊರಿನ ಗಿರಣಿಯೊಂದರ ಮಾಲೀಕರು ಹೇಳಿದ್ದರು.

"ಟೀಚರಮ್ಮ, ಬಳ್ಳಾರಿಗಿ ಅಂದ್ರ ಆಗಂಗಿಲ್ರಿ," ಎಂದ ಹುಲುಗಪ್ಪ, ಟವೆಲ್ಲನ್ನು ಮಡಿಸಿ ಬಿಚ್ಚಿ ಮಾಡುತ್ತ. "ಅಲ್ಲಿ ಪರೀಕ್ಷಿ ಮುಂಜಾನಿ ಎಂಟಕ್ಕಂತ. ನಮ್ಮೂರ ಮೊದಲನೇ ಬಸ್ಸು ಸಿರುಗುಪ್ಪ ಮುಟ್ಟೋದ್ರಾಗ ಎಂಟಾಗಿರತೈತಿ. ಹಿಂದಿನ ದಿನಾನ ಹೋಗಿ ಎಲ್ಲಿ ಇರಬೇಕ್ರಿ? ಬಳ್ಳಾರ್ಯಾಗ ನಮಗ ಯಾರದಾರ?"

"ನಮ್ಮ ಪರಿಚಯದವರ ಮನಿ ಐತಿ ಹುಲುಗಪ್ಪ, ನಾನ ಕರಕೊಂಡು ಹೋಗತೀನಿ."

"ನಿಮ್ಮ ಪರಿಚಯದವರು ನಿಮಗ ಪರಿಚಯ ಅದಾರ್ರಿ. ನಮಗಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಇಲ್ಲೇ ಆದ್ರ ಬರೀಲಿ, ನಾ ಬ್ಯಾಡನ್ನಂಗಿಲ್ಲ. ಇಲ್ಲಾಂದ್ರ ಕಲ್ತಿದ್ದು ಸಾಕು, ನಾಟಿ ಹಚ್ಚಾಕ ಬರ್ಲಿ. ಅವರವ್ವಗೂ ಆಸರಾಗತಾಳ."

ಊರಮ್ಮ ಬಾಗಿಲ ಬಳಿ ನಿಂತು, ಬೆರಳಿಗೆ ಹತ್ತಿದ ರಿಬ್ಬನ್ನಿನ ಮಸಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಇಲ್ಲೇ ಆಗತೈತಿ," ಎಂದುಬಿಟ್ಟರು ವೀರಭದ್ರಮ್ಮ.

ಹೇಗೆ ಆಗುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ತಂದೆ ಮಗಳು ಹೋದ ಮೇಲೆ ಮುಂದಿನ ಕೋಣೆಯಿಂದ ಕೊಟ್ಟೂರಪ್ಪ ಕೇಳಿದರು: "ಮಾತು ಕೊಟ್ಟಿ. ಮೆಮೊರಿ ಎಲ್ಲಿಂದ ಕೊಡತೀ?"

ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ, ಮರಿಬಸಪ್ಪ ಎಂಬ ತರುಣ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಆ ಹಳೆಯ ಯಂತ್ರವನ್ನು ಕೊಡಿಸಿದವನೂ ಅವನೇ. ಇಂಥ ಯಂತ್ರದ ಒಳಗೆ ಮೆಮೊರಿ ಚಿಪ್‌ಗಳ ಒಂದು ಸಾಲು ತುಂಬಿದೆ, ಪಕ್ಕದಲ್ಲಿ ಇನ್ನೊಂದು ಸಾಲಿಗೆ ಖಾಲಿ ಜಾಗವಿದೆ, ಅದನ್ನು ತುಂಬಿದರೆ ಸಾಕು ಎಂದು ಅವನು ಹೇಳಿದಾಗ ವೀರಭದ್ರಮ್ಮನವರಿಗೆ ಉಸಿರು ಬಂತು. ಆದರೆ ಆ ಚಿಪ್‌ಗಳು ಬಳ್ಳಾರಿಯಲ್ಲಿ ಸಿಗುತ್ತಿರಲಿಲ್ಲ. ಹೈದರಾಬಾದಿನಿಂದ ಬರಬೇಕಿತ್ತು. ದಿನಗಳು ಹೋದವು. ಕೊನೆಗೆ ಪರೀಕ್ಷೆಗೆ ಇನ್ನು ಮೂರೇ ದಿನ ಉಳಿದಾಗ ಬಂದಿವೆ ಎಂಬ ಸುದ್ದಿ ಬಂತು. ಅವರು ಆ ಗಳಿಗೆಯಲ್ಲೇ ಬಸ್ ಹತ್ತಿದರು.

ಮರಿಬಸಪ್ಪ ಒಂದು ತಗಡಿನ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. ಕರಿಯ ಸ್ಪಂಜಿನ ತುಂಡಿನಲ್ಲಿ ಒಂಬತ್ತು ಕರಿಯ ಚಿಪ್‌ಗಳು ಕಾಲು ಚುಚ್ಚಿಕೊಂಡು ಕೂತಿದ್ದವು. ಒಂದೊಂದೂ ಬೆರಳ ಉಗುರಿಗಿಂತ ಸ್ವಲ್ಪ ಉದ್ದ. ಎರಡೂ ಬದಿಗೆ ಜರಿಹುಳದ ಕಾಲಿನಂತೆ ಬೆಳ್ಳಗೆ ಹೊಳೆಯುವ ಕಾಲುಗಳು.

"ಒಂಬತ್ತೇ ಅದಾವ್ರಿ ಮೇಡಂ. ಒಂದೂ ಹೆಚ್ಚಿಗಿ ಸಿಗಲಿಲ್ಲ. ನಾನ ಬಂದು ಹಾಕತಿದ್ದೆ, ಆದ್ರ ಹೊಸಪ್ಯಾಟಿಗೆ ಮಾತು ಕೊಟ್ಟೀನಿ, ಇವತ್ತ ಹೊಂಡಬೇಕು. ನಿಮ್ಮನ್ಯಾಗ ರೇಡಿಯೊ ಮೆಕ್ಯಾನಿಕ್ ಅದಾರಲ್ಲ, ಆಗತೈತಿ ಬಿಡ್ರಿ. ಒಂದ ಮಾತು ಮಾತ್ರ ಲಕ್ಷ್ಯ ಇಟ್ಟು ಕೇಳ್ರಿ. ಬ್ಯಾಸಿಗ್ಯಾಗ ಬಾಚಣಿಗಿಗೆ ಕೂದಲು ಹತ್ಕೊಂತಾವಲ್ಲ, ಹಂತಾ ಕರೆಂಟು ನಮ್ಮ ಮೈಯಾಗ ಇರತೈತಿ. ನಮಗ ಗೊತ್ತೂ ಆಗಂಗಿಲ್ಲ. ಅಷ್ಟ ಸಾಕು, ಇದು ಸಾಯಾಕ. ಅದಕ್ಕ ಈ ಸ್ಪಂಜು. ಹಾಕೋ ತನಕ ಇದ್ರಾಗಿಂದ ತೆಗೀಬ್ಯಾಡ್ರಿ. ತೆಗೆಯೋ ಮುಂದ ಮೊದಲು ಕಬ್ಬಿಣ ಮುಟ್ರಿ. ಬರೇ ಕೈಲೆ ಇದನ್ನ ಮುಟ್ಟಬಾರದು."

ವೀರಭದ್ರಮ್ಮ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದರು. ನಿಲ್ದಾಣಕ್ಕೆ ಬಂದಾಗ ಸಿರುಗುಪ್ಪದ ಬಸ್ಸು ಹೋಗಿತ್ತು. ಮುಂದಿನದು ಕತ್ತಲಾದ ಮೇಲೆ. ಅಷ್ಟರಲ್ಲಿ ಕುರುಗೋಡಿನ ಬಸ್ಸು ಹೊರಡುತ್ತಿತ್ತು. ಕತ್ತಲಲ್ಲಿ ಈ ಡಬ್ಬಿ ಹಿಡಿದು ಬಸ್ಸಿನ ನೂಕುನುಗ್ಗಲಿನಲ್ಲಿ ನಿಲ್ಲುವುದಕ್ಕಿಂತ ತವರಿನಲ್ಲಿ ಉಳಿದು ಬೆಳಿಗ್ಗೆ ಹೋಗುವುದು ಒಳ್ಳೆಯದು ಎನ್ನಿಸಿ ಹತ್ತಿದರು.

ದೊಡ್ಡಬಸವೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ ಅವರ ತವರುಮನೆ. ಜಂಬಮ್ಮನಿಗೆ ಆಗಲೇ ಎಪ್ಪತ್ತರ ಹತ್ತಿರ. ಮಗಳನ್ನು ಕಂಡು ಹಿಗ್ಗಿದರು.

"ಏನವ್ವಾ ಅದು, ಕೂಸಿನ್ನ ಅವಚಿಕೊಂಡಂಗ ಹಿಡಕೊಂಡು ಬಂದೀ?"

"ಕಂಪ್ಯೂಟರಿಂದವ್ವಾ. ಅದರ ನೆನಪು."

"ನೆನಪು? ಡಬ್ಯಾಗ ಹಾಕಿ ಕೊಡತಾರೇನ?" ಮುದುಕಿ ನಕ್ಕರು. "ನನಗೂ ಒಂದಿಷ್ಟು ತರಬೇಕಿತ್ತು. ಮುಂಜಾನಿ ಇಟ್ಟದ್ದು ಮಧ್ಯಾಹ್ನ ಸಿಗವಲ್ದು."

"ನಗಬ್ಯಾಡವ್ವಾ. ಒಂದು ಹುಡುಗಿ ಪರೀಕ್ಷಿ ಇದರ ಮ್ಯಾಲೆ ನಿಂತೈತಿ. ಭಾಳ ನಾಜೂಕು. ಇದನ್ನ ಬರೇ ಕೈಲೆ ಮುಟ್ಟಬಾರದು, ಹೇಳಿರ್ತೀನಿ."

ಹಾಗೆಂದು ಡಬ್ಬಿಯನ್ನು ದೇವರ ಜಗಲಿಯ ಮೇಲೆ, ಮೂಲೆಯಲ್ಲಿ ಇಟ್ಟರು. ಮನೆಯಲ್ಲಿ ತಮ್ಮನ ಮಕ್ಕಳಿದ್ದರು. ಅವರ ಕೈ ಹೋಗದ ಜಾಗ ಅದೊಂದೇ.

ಬೆಳಿಗ್ಗೆ ವೀರಭದ್ರಮ್ಮ ಸ್ನಾನಕ್ಕೆ ಹೋಗಿದ್ದಾಗ ಜಂಬಮ್ಮ ಪೂಜೆಗೆ ಕೂತರು. ಜಗಲಿಯ ಮೇಲೆ ಡಬ್ಬಿ ಇತ್ತು. ಬರಿಗೈಯಲ್ಲಿ ಮುಟ್ಟಬಾರದು ಎಂಬ ಮಾತಿಗೆ ಆ ಮನೆಯಲ್ಲಿ ಒಂದೇ ಅರ್ಥ. ಆ ಮಾತನ್ನು ಮಗಳಿಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವರೂ ಅವರೇ.

ಬಸ್ಸಿಗೆ ಬಿಡಲು ಜಂಬಮ್ಮ ರಸ್ತೆಯವರೆಗೂ ಬಂದರು. ಕಿಟಕಿಯಿಂದ ರೊಟ್ಟಿಯ ಗಂಟು, ಅದರ ಮೇಲೆ ಡಬ್ಬಿ ಕೊಟ್ಟರು. ಕಂಡಕ್ಟರ್ ಸೀಟಿ ಊದಿದ ಮೇಲೆ ನೆನಪಾದವರಂತೆ ಕೂಗಿ ಹೇಳಿದರು:

"ವೀರಾ, ಅದನ್ನ ಹೊಲಸು ಸ್ಪಂಜಿನ್ಯಾಗ ಚುಚ್ಚಿಟ್ಟಿದ್ರಲ್ಲವ್ವಾ, ಬರೇ ಕರಿ ಮಸಿ! ನಾ ಕೈಲೆ ಮುಟ್ಟಲಿಲ್ಲ, ಚಿಂತಿ ಮಾಡಬ್ಯಾಡ. ಮಡೀಲೆ ರೇಷ್ಮಿ ವಸ್ತ್ರದಾಗ ಹಿಡದು ಒಂದೊಂದ ತಗದು, ಚಲೋತ್ನಾಗ ಒರಸಿ ಇಟ್ಟೀನಿ."

ಬಸ್ಸು ಹೊರಟಿತ್ತು. ಹಿಂದೆ ತಾಯಿ ಕೈ ಎತ್ತಿ ನಿಂತಿದ್ದರು.

ವೀರಭದ್ರಮ್ಮ ಮೊದಲು ಸೀಟಿನ ಕಬ್ಬಿಣದ ಕಂಬಿ ಹಿಡಿದರು. ಆಮೇಲೆ ಮುಚ್ಚಳ ತೆಗೆದರು. ಸ್ಪಂಜು ಇರಲಿಲ್ಲ. ಕೇಸರಿ ಬಣ್ಣದ ರೇಷ್ಮೆ ತುಂಡಿನ ಮಡಿಕೆಯಲ್ಲಿ ಒಂಬತ್ತೂ ಸಾಲಾಗಿ ಮಲಗಿದ್ದವು. ಒಂದೊಂದರ ಬೆನ್ನ ಮೇಲೂ ವಿಭೂತಿಯ ಮೂರು ಗೆರೆ.

ಈ ಬೇಸಿಗೆಯಲ್ಲಿ, ಒಣಗಾಳಿಯಲ್ಲಿ, ರೇಷ್ಮೆ ಬಟ್ಟೆಯಿಂದ ಒರೆಸಿದ್ದಾರೆ. ಬಾಚಣಿಗೆಯ ಕರೆಂಟೇ ಸಾಕು ಎಂದಿದ್ದ ಮರಿಬಸಪ್ಪ. ಅವರು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಸುಟ್ಟ ಗುರುತಿಲ್ಲ, ಬಿರುಕಿಲ್ಲ, ವಾಸನೆಯಿಲ್ಲ. ಸತ್ತದ್ದಕ್ಕೂ ಬದುಕಿದ್ದಕ್ಕೂ ಮುಖ ಒಂದೇ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಅವು ರೇಷ್ಮೆಯ ಮೇಲೆ ಅತ್ತಿತ್ತ ಸರಿದವು. ಬಟ್ಟೆ ತೆಗೆದು ಬರಿಯ ಡಬ್ಬಿಯಲ್ಲಿಟ್ಟರೆ ಕಾಲು ಮುರಿಯುತ್ತವೆ, ಇದರಲ್ಲೇ ಬಿಟ್ಟರೆ ಉಜ್ಜಿಕೊಳ್ಳುತ್ತವೆ. ಏನು ಮಾಡಬೇಕೋ ತೋಚದೆ ರೊಟ್ಟಿಯ ಗಂಟನ್ನು ಬಿಚ್ಚಿ, ಅದರ ಹತ್ತಿಬಟ್ಟೆಯ ಅಂಚನ್ನು ರೇಷ್ಮೆಯ ಜಾಗಕ್ಕೆ ತುರುಕಿದರು. ಹಾಗೆ ಮಾಡುವಾಗ ಇನ್ನೊಂದಿಷ್ಟು ಉಜ್ಜಿದಂತಾಯಿತೇನೋ ಎಂಬ ಹೊಸ ಭಯ ಹತ್ತಿತು. ಪಕ್ಕದ ಹೆಂಗಸು ಅವರ ಹಣೆಯ ಬೆವರು ನೋಡಿ, "ವಾಂತಿ ಬಂದಂಗಾಗತೈತೇನ್ರಿ? ಲಿಂಬಿಹಣ್ಣು ಕೊಡ್ಲಾ?" ಎಂದು ಕೇಳಿದಳು.

ಸಿರುಗುಪ್ಪದಲ್ಲಿ ಕೊಟ್ಟೂರಪ್ಪ ಮೇಜು ಒರೆಸಿ, ಯಂತ್ರದ ಮುಚ್ಚಳ ಬಿಚ್ಚಿ ಕಾಯುತ್ತಿದ್ದರು. ಡಬ್ಬಿ ತೆಗೆದು ನೋಡಿ ಹುಬ್ಬೇರಿಸಿದರು.

"ಇವನ್ನ ಸ್ಪಂಜಿನ್ಯಾಗ ಕೊಡತೀನಿ ಅಂದಿದ್ನಲ್ಲ ಮರಿಬಸಪ್ಪ?"

"ಕೊಟ್ಟಿದ್ದ. ಬಸ್ಸಿನ್ಯಾಗ ಬಿಚ್ಚಿತು."

"ಬಸ್ಸು ವಿಭೂತಿ ಹಚ್ಚತೈತೇನ?"

ವೀರಭದ್ರಮ್ಮ ನಡೆದದ್ದನ್ನೆಲ್ಲ ಹೇಳಿಬಿಟ್ಟರು. "ಅವ್ವಗ ಹೇಳಬ್ಯಾಡ್ರಿ," ಎಂದರು. "ಯಾವತ್ತೂ ಹೇಳಬ್ಯಾಡ್ರಿ. ತಪ್ಪು ಆಕಿದಲ್ಲ. ಮುಟ್ಟಬಾರದು ಅಂತ ಹೇಳಿದಾಕಿ ನಾನು, ಜಗಲಿ ಮ್ಯಾಲೆ ಇಟ್ಟಾಕಿನೂ ನಾನು."

ಕೊಟ್ಟೂರಪ್ಪ ಮತ್ತೆ ತಮಾಷೆ ಮಾಡಲಿಲ್ಲ. ಇಬ್ಬರೂ ಕಿಟಕಿಯ ಸರಳು ಮುಟ್ಟಿ ಕೆಲಸಕ್ಕೆ ಕೂತರು. ಮೊದಲು ವಿಭೂತಿ ಒರೆಸಬೇಕಾಯಿತು. ಚಿಪ್‌ನ ಒಂದು ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ, ಯಾವ ಕಡೆಗೆ ತಿರುಗಿಸಿ ಕೂರಿಸಬೇಕು ಎನ್ನುವುದಕ್ಕೆ ಅದೇ ಗುರುತು. ಬೂದಿ ಅದರಲ್ಲೇ ತುಂಬಿಕೊಂಡಿತ್ತು. ಹತ್ತಿಯಿಂದ ಮೆಲ್ಲಗೆ ಒರೆಸಿ, ಒಂದೊಂದನ್ನೇ ಖಾಲಿ ಸಾಲಿನ ತೂತುಗಳ ಮೇಲಿಟ್ಟು, ಎರಡು ಹೆಬ್ಬೆರಳಿಂದ ಒತ್ತಿದರು. ಒತ್ತಿದಾಗ ಬೋರ್ಡು ಕಿರ್ ಎನ್ನುತ್ತಿತ್ತು. ಪ್ರತಿ ಸಲ ವೀರಭದ್ರಮ್ಮ ಕಣ್ಣು ಮುಚ್ಚುತ್ತಿದ್ದರು. ಕೊನೆಗೆ, ಎರಡು ಸಾಲು ಇವೆ ಎಂದು ಯಂತ್ರಕ್ಕೆ ತಿಳಿಸುವ ಪುಟ್ಟ ಸ್ವಿಚ್ಚನ್ನು ಮರಿಬಸಪ್ಪ ಹೇಳಿದಂತೆ ಬದಲಿಸಿ, ಕರೆಂಟು ಹಾಕಿದರು.

ಯಂತ್ರ ಎದ್ದಾಗ ಪರದೆಯ ಮೂಲೆಯಲ್ಲಿ ಅದು ತನ್ನ ಮೆಮೊರಿಯನ್ನು ಎಣಿಸಿಕೊಳ್ಳುತ್ತದೆ. ಹಸಿರು ಅಂಕಿಗಳು ಏರುತ್ತ ಹೋದವು. ಇನ್ನೂರ ಐವತ್ತಾರನ್ನು ಮುಟ್ಟಿದವು. ಅಲ್ಲಿಗೆ ನಿಂತವು. ಕೆಳಗೆ, ಮೆಮೊರಿಯಲ್ಲಿ ದೋಷವಿದೆ ಎಂಬ ಇಂಗ್ಲಿಷ್ ಸಾಲು ಬಂತು.

"ಸತ್ತಾವ," ಎಂದರು ವೀರಭದ್ರಮ್ಮ.

"ತಡಿ. ಎಷ್ಟು ಸತ್ತಾವ ಅನ್ನೋದು ಬ್ಯಾರೆ."

ಅಂಚೆ ಕಚೇರಿಗೆ ಓಡಿಹೋಗಿ ಟ್ರಂಕ್ ಕಾಲ್ ಬರೆಸಿ ಕಾದರು. ಹೊಸಪೇಟೆಯಲ್ಲಿ ಮರಿಬಸಪ್ಪ ಕೆಲಸ ಮಾಡುತ್ತಿದ್ದ ಜಾಗದ ಲೈನು ಸಿಕ್ಕಾಗ ಅದರಲ್ಲಿ ಗಾಳಿಯ ಸದ್ದೇ ಹೆಚ್ಚಿತ್ತು. ವೀರಭದ್ರಮ್ಮ ಕಿರುಚಬೇಕಾಯಿತು.

"ಸತ್ತಾವ್ರಿ! ಎಷ್ಟು ಅಂತ ಗೊತ್ತಿಲ್ಲ! ಹ್ಞಾಂ? ಒಂಬತ್ತ ಮಂದ್ಯಾಗ ಎಷ್ಟು ಉಳದಾವ ಹೆಂಗ ನೋಡಬೇಕ್ರಿ?"

ಸ್ಟಾಂಪಿಗೆ ನಿಂತಿದ್ದ ಸಾಲು ಪೂರ್ತಿ ತಿರುಗಿತು. ಒಬ್ಬ ಮುದುಕ ತಲೆಯ ರುಮಾಲು ಕೈಗೆ ತೆಗೆದುಕೊಂಡ. "ಯಾರು ಹೋದ್ರವ್ವಾ? ಬಸ್ಸು ಬಿತ್ತೇನು?"

ಅತ್ತಲಿಂದ ಮರಿಬಸಪ್ಪ ಹೇಳಿದ್ದು ಇಷ್ಟು. ಹೊಸ ಸಾಲನ್ನೆಲ್ಲ ತೆಗೆಯಿರಿ. ಹಳೆಯ ಸಾಲಿನಿಂದ ಒಂದನ್ನು ಕಿತ್ತು, ಆ ಜಾಗದಲ್ಲಿ ಹೊಸದನ್ನು ಒಂದೊಂದಾಗಿ ಕೂರಿಸಿ ನೋಡಿ. ಯಂತ್ರ ಎದ್ದರೆ ಆ ಚಿಪ್ ಬದುಕಿದೆ, ಏಳದಿದ್ದರೆ ಇಲ್ಲ. "ಎಂಟು ಉಳದಿದ್ರ ದಾರಿ ಐತ್ರಿ ಮೇಡಂ. ನೆನಪಿಡೋವು ಎಂಟ. ಒಂಬತ್ತನೇದು ಬರೇ ಕಾವಲು. ಉಳದ ಎಂಟು ಒಪ್ಪಿಸಿದ್ದು ಸರಿ ಐತೋ ಇಲ್ಲೋ ನೋಡತೈತಿ. ಬೋರ್ಡಿನ ಮ್ಯಾಲೆ ಒಂದು ಸಣ್ಣ ಪಿನ್ನು ಐತಿ, ಅದನ್ನ ತಗದ್ರ ಯಂತ್ರ ಕಾವಲುಗಾರನ್ನ ಕೇಳಂಗಿಲ್ಲ, ಹಂಗ ಓಡತೈತಿ. ಆದ್ರ ಎರಡು ಸತ್ತಿದ್ರ ಏನೂ ಮಾಡಾಕ ಬರಂಗಿಲ್ಲ. ಇನ್ನೊಂದು ಬರಬೇಕಂದ್ರ ವಾರ ಆಗತೈತಿ."

ಪರೀಕ್ಷೆ ನಾಡಿದ್ದು.

ಮತ್ತೆ ಮೇಜಿನ ಮುಂದೆ ಕೂತರು. ಒಂದನ್ನು ಕೂರಿಸುವುದು, ಸ್ವಿಚ್ ಹಾಕುವುದು, ಅಂಕಿ ಏರುವವರೆಗೆ ಉಸಿರು ಹಿಡಿಯುವುದು, ಆರಿಸುವುದು, ಕೀಳುವುದು. ಕೀಳುವಾಗ ಕಾಲು ಬಾಗದಂತೆ ಕೊಟ್ಟೂರಪ್ಪ ಎರಡೂ ತುದಿಗೆ ಸಣ್ಣ ಸ್ಕ್ರೂಡ್ರೈವರ್ ಕೊಟ್ಟು ಕೂದಲೆಳೆಯಷ್ಟೇ ಎತ್ತುತ್ತಿದ್ದರು. ಮೊದಲನೆಯದು ಬದುಕಿತ್ತು, ಎರಡನೆಯದೂ. ಆರರವರೆಗೂ ಅಂಕಿ ಏರಿತು. ವೀರಭದ್ರಮ್ಮನವರಿಗೆ ಇದರಿಂದ ಸಮಾಧಾನವಾಗಲಿಲ್ಲ. ಬದುಕಿದವು ಹೆಚ್ಚಾದಷ್ಟೂ ಸತ್ತದ್ದು ಉಳಿದವುಗಳಲ್ಲೇ ಇರಬೇಕಲ್ಲ.

ಏಳನೆಯದಕ್ಕೆ ಪರದೆ ಕತ್ತಲಾಗಿಯೇ ಉಳಿಯಿತು.

"ಇದ ಒಂದು," ಎಂದು ಕೊಟ್ಟೂರಪ್ಪ ಅದನ್ನು ಪಕ್ಕಕ್ಕಿಟ್ಟರು. ಇನ್ನೆರಡು ಉಳಿದಿದ್ದವು. ಎಂಟನೆಯದನ್ನು ಕೂರಿಸಿ ಸ್ವಿಚ್ ಹಾಕಿದರು. ಪರದೆ ಮತ್ತೆ ಕತ್ತಲೆ.

ವೀರಭದ್ರಮ್ಮ ಎದ್ದು ನೀರು ಕುಡಿಯಲು ಹೋಗಿ, ಕುಡಿಯದೆ ತಂಬಿಗೆ ಹಿಡಿದು ನಿಂತರು. ಹುಲುಗಪ್ಪನಿಗೆ ಯಾರ ಕೈಯಲ್ಲಿ ಹೇಳಿಕಳಿಸುವುದು ಎಂದು ಯೋಚಿಸುತ್ತಿದ್ದರು. ಕರೂರಿನ ಸಂಜೆ ಬಸ್ಸಿನ ಡ್ರೈವರಿಗೆ ಚೀಟಿ ಕೊಡಬಹುದು. ಚೀಟಿಯಲ್ಲಿ ಏನು ಬರೆಯುವುದು? ಊರಮ್ಮನಿಗೇ ಓದಿಸುತ್ತಾನೆ, ಅವನಿಗೆ ಓದು ಬಾರದು. ತನ್ನ ಪರೀಕ್ಷೆ ಇಲ್ಲವೆಂದು ಆ ಹುಡುಗಿ ತಾನೇ ಓದಿ ಹೇಳಬೇಕು.

"ಲೇ, ಇಲ್ಲಿ ಬಾ!" ಎಂದು ಕೊಟ್ಟೂರಪ್ಪ ಕೂಗಿದರು. ಕಿತ್ತ ಚಿಪ್ಪನ್ನು ಬೆಳಕಿಗೆ ಹಿಡಿದಿದ್ದರು. "ಇದರ ಒಂದು ಕಾಲು ಹೊಟ್ಟಿ ಕೆಳಗ ಮಡಚಿಕೊಂಡೈತಿ ನೋಡು. ತೂತಿಗೆ ಇಳದಿಲ್ಲ. ಸತ್ತಿಲ್ಲ ಇದು, ಚಕ್ಕಳಮಕ್ಕಳ ಹಾಕಿ ಕುಂತೈತಿ."

ಸೂಜಿಯಿಂದ ಆ ಕಾಲನ್ನು ನೇರ ಮಾಡುವಾಗ ಅದು ಎಲ್ಲಿ ಮುರಿಯುವುದೋ ಎಂದು ವೀರಭದ್ರಮ್ಮ ಗಂಡನ ಭುಜವನ್ನು ಗಟ್ಟಿಯಾಗಿ ಹಿಡಿದಿದ್ದರು. "ಕೈ ಬಿಡು ಮಾರಾಯ್ತಿ, ಅಲ್ಲಾಡತೈತಿ," ಎಂದು ಬೈಸಿಕೊಂಡರು. ಕೂರಿಸಿದರು. ಅಂಕಿ ಏರಿತು. ಒಂಬತ್ತನೆಯದಕ್ಕೂ ಏರಿತು.

ಎಂಟನ್ನು ಹೊಸ ಸಾಲಿನಲ್ಲಿ ಕೂರಿಸಿ, ಕಾವಲಿನ ತೂತನ್ನು ಖಾಲಿ ಬಿಟ್ಟು, ಮರಿಬಸಪ್ಪ ಹೇಳಿದ ಪಿನ್ನನ್ನು ತೆಗೆದರು. ಪರದೆಯ ಅಂಕಿ ಇನ್ನೂರ ಐವತ್ತಾರು ದಾಟಿ, ಐನೂರ ಹನ್ನೆರಡಕ್ಕೆ ಹೋಗಿ ನಿಂತಿತು.

ಕೊಟ್ಟೂರಪ್ಪ ಬೀಡಿ ಹಚ್ಚಲು ಹೊರಗೆ ಹೋದರು. ವೀರಭದ್ರಮ್ಮ ಪರದೆಯನ್ನೇ ನೋಡುತ್ತ ಕೂತರು. ಇಷ್ಟು ದಿನ ಈ ಯಂತ್ರ ತಪ್ಪು ಮಾಡಿದರೆ ತಾನೇ ನಿಂತು ಹೇಳುತ್ತಿತ್ತು. ಇನ್ನು ಹೇಳುವುದಿಲ್ಲ. ಉಳಿದ ಎಂಟರಲ್ಲಿ ಯಾವುದಾದರೂ ರೇಷ್ಮೆಯ ಪೆಟ್ಟಿನಿಂದ ಅರ್ಧ ಸೋತಿದ್ದರೆ, ಒಂದು ಅಕ್ಷರ ಬದಲಾದರೆ, ಅದು ಸುಮ್ಮನೆ ಬದಲಾಗುತ್ತದೆ. ತಪ್ಪು ಹುಡುಗಿಯ ಲೆಕ್ಕಕ್ಕೆ ಬೀಳುತ್ತದೆ.

ಪರೀಕ್ಷೆಯ ಬೆಳಿಗ್ಗೆ ಅವರು ಹುಡುಗಿಯರನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು. "ಯಂತ್ರ ತಪ್ಪಿದ್ರ ಅದು ಹೇಳಂಗಿಲ್ಲ. ನೀವ ನೋಡಬೇಕು. ಗಳಿಗಿಗೊಮ್ಮೆ ಫ್ಲಾಪಿಗೆ ಉಳಿಸ್ರಿ."

ಮೇಲ್ವಿಚಾರಕರಾಗಿ ಬಳ್ಳಾರಿಯಿಂದ ಸುಂಕಪ್ಪ ಎಂಬ ಮೇಷ್ಟ್ರು ಮೊಹರು ಹಾಕಿದ ಫ್ಲಾಪಿಗಳೊಂದಿಗೆ ಬಂದರು. ಅವರಿಗೂ ಕಾವಲಿನ ಚಿಪ್ ಇಲ್ಲವೆಂಬುದನ್ನು ವೀರಭದ್ರಮ್ಮ ಮುಚ್ಚದೆ ಹೇಳಿದರು. ಸುಂಕಪ್ಪ ಕನ್ನಡಕ ಮೇಲೇರಿಸಿ ಪರದೆ ನೋಡಿದರು.

"ಐನೂರ ಹನ್ನೆರಡು ಅಂತ ಬಂತಲ್ಲಮ್ಮ. ನನಗ ನೋಡಾಕ ಹೇಳಿದ್ದು ಅಷ್ಟ. ಒಳಗ ಯಾರು ಕಾವಲು ಅದಾರ, ಯಾರು ರಜಾ ಮ್ಯಾಲೆ ಅದಾರ ಅದು ನನಗ ಬ್ಯಾಡ. ನೀವು ಹೊರಗ ಹೋಗ್ರಿ, ಕಲಿಸಿದವರು ಒಳಗ ಇರಬಾರದು."

ಬೇಡ ಎಂದಿದ್ದರೆ ಒಂದು ದುಃಖ. ಸರಿ ಎಂದದ್ದರಿಂದ ಹೊಣೆಯೆಲ್ಲ ವೀರಭದ್ರಮ್ಮನವರೊಬ್ಬರದೇ ಆಯಿತು.

ಯಂತ್ರ ಒಂದೇ, ಹುಡುಗಿಯರು ಸರದಿಯಂತೆ ಒಳಗೆ ಹೋದರು. ವೀರಭದ್ರಮ್ಮ ಹೊರಗಿನ ಬೆಂಚಿನ ಮೇಲೆ ಕೂತು ಬಾಗಿಲಿಗೆ ಕಿವಿಗೊಟ್ಟರು. ಊರಮ್ಮನ ಸರದಿ ಕೊನೆಗೆ ಬಂದಾಗ ಮಧ್ಯಾಹ್ನದ ಬಿಸಿಲು ತಗಡಿನ ಮಾಡನ್ನು ಕಾಯಿಸುತ್ತಿತ್ತು. ಬೆಳಿಗ್ಗೆಯಿಂದ ಓಡಿದ ಯಂತ್ರ ಎಷ್ಟು ಬಿಸಿಯಾಗಿರಬೇಕು ಎಂದು ಅವರಿಗೆ ಅದೊಂದೇ ಯೋಚನೆ. ಪಕ್ಕದಲ್ಲಿ ಹುಲುಗಪ್ಪ ಕೂತಿದ್ದ.

ಒಳಗಿನಿಂದ ಕೀಲಿಗಳ ಸದ್ದು ಮಳೆಹನಿಯಂತೆ ಒಂದೇ ಸಮನೆ ಬರುತ್ತಿತ್ತು. ಅದು ಊರಮ್ಮನ ಬೆರಳು ಎಂದು ಕಣ್ಣು ಮುಚ್ಚಿಯೂ ಹೇಳಬಹುದಿತ್ತು.

ಸದ್ದು ನಿಂತಿತು.

ಮುಗಿಯುವ ಹೊತ್ತು ಇನ್ನೂ ಆಗಿರಲಿಲ್ಲ. ಪ್ರತಿಯೊಬ್ಬಳೂ ಮುಗಿಸಿದ ಮೇಲೆ ಕೇಳುವ ಪ್ರಿಂಟರಿನ ಸದ್ದೂ ಬರಲಿಲ್ಲ. ವೀರಭದ್ರಮ್ಮ ಎದ್ದು ನಿಂತರು. ಒಳಗೆ ಹೋಗುವಂತಿಲ್ಲ.

"ಏನಾತ್ರಿ?" ಎಂದ ಹುಲುಗಪ್ಪ.

"ಏನಿಲ್ಲ."

"ಏನಿಲ್ಲಾಂದ್ರ ನೀವ್ಯಾಕ ನಿಂತ್ರಿ?"

ಯಂತ್ರ ಸುಮ್ಮನೆ ಹೆಪ್ಪುಗಟ್ಟಿದಂತೆ ನಿಂತುಬಿಟ್ಟಿದೆ, ಹುಡುಗಿ ಕೈಕಟ್ಟಿ ಕೂತು ಅಳುತ್ತಿದ್ದಾಳೆ ಎಂದು ಅವರಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಉಳಿಸಿದಳೋ ಇಲ್ಲವೋ? ಸುಂಕಪ್ಪನವರ ದನಿ ಕೂಡ ಕೇಳುತ್ತಿಲ್ಲ. ಫ್ಯಾನು ತಿರುಗುವ ಸದ್ದು ಮಾತ್ರ. ಹುಲುಗಪ್ಪ ಒಮ್ಮೆ ಬಾಗಿಲನ್ನು, ಒಮ್ಮೆ ಅವರ ಮುಖವನ್ನು ನೋಡಿ, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. ಅವನೂ ಎದ್ದು ನಿಂತ.

ಆಮೇಲೆ ಎರಡು ಸಲ ಟಕ್ ಟಕ್ ಎಂದಿತು. ಮತ್ತೆ ಮೌನ. ಅದಾದ ಮೇಲೆ ಪ್ರಿಂಟರು ಕರ್ರ್ ಎಂದು ಶುರುವಾಯಿತು.

ಊರಮ್ಮ ಹೊರಗೆ ಬಂದಾಗ ಅವಳ ರವಿಕೆಯ ಬೆನ್ನು ಒದ್ದೆಯಾಗಿತ್ತು.

"ನಡುವ ಯಾಕ ನಿಂತಿತು? ಯಂತ್ರ ನಿಂತಿತೇನ?"

"ಇಲ್ರಿ ಮೇಡಂ, ನಾನ ನಿಲ್ಲಿಸಿದ್ನಿ. ಪ್ರಿಂಟ್ ಕೊಡೋಕ ಮುಂಚೆ ಮೊದಲಿಂದ ಓದಿದ್ನಿ. ಒಂದ ಕಡಿ ಒಂದು ಅಕ್ಷರ ಬ್ಯಾರೆ ಬಂದಿತ್ರಿ. ತಿದ್ದಿದ್ನಿ."

"ನೀ ತಪ್ಪು ಹೊಡದಿದ್ದ್ಯಾ, ಇಲ್ಲಾ ಅದು..."

ಊರಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. "ಗೊತ್ತಾಗಲಿಲ್ರಿ."

ವೀರಭದ್ರಮ್ಮ ಎರಡು ವರ್ಷ ಆ ಬೆರಳುಗಳನ್ನು ನೋಡಿದ್ದರು. ಅವಳು ತಪ್ಪು ಹೊಡೆಯುವುದು ಅಪರೂಪ, ಆದರೆ ಹೊಡೆಯುವುದೇ ಇಲ್ಲ ಎಂದೇನಿಲ್ಲ. ಮೊದಲು ಹೋದ ಹುಡುಗಿಯರೂ ಹೀಗೆ ಓದಿ ನೋಡಿದರೋ ಇಲ್ಲವೋ ಎಂಬ ಪ್ರಶ್ನೆ ಆಗಲೇ ಅವರ ತಲೆಯಲ್ಲಿ ಸುತ್ತತೊಡಗಿತ್ತು.

"ತಿದ್ದಿ ಬಂದಾಳಲ್ರಿ, ಮತ್ಯಾಕ ಮಾರಿ ಸಣ್ಣ ಮಾಡ್ಕೊಂತೀರಿ?" ಎಂದ ಹುಲುಗಪ್ಪ. ಮಗಳ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡ. ಎರಡು ಹೆಜ್ಜೆ ಹೋಗಿ ತಿರುಗಿದ. "ಇದರ ಮುಂದಿಂದು ಇನ್ನೊಂದು ದೊಡ್ಡ ಪರೀಕ್ಷಿ ಐತಂತ, ಈಕಿ ಹೇಳತಿದ್ಲು. ಅದೂ ಇಲ್ಲೇ ಆಗತೈತಲ್ರಿ?"

ಹೋದ ಸಲದಂತೆ ಆಗತೈತಿ ಎಂದುಬಿಡಲು ವೀರಭದ್ರಮ್ಮನವರಿಗೆ ಬಾಯಿ ಬರಲಿಲ್ಲ.

"ಒಂದು ಚಿಪ್ಪು ಬರಬೇಕು ಹುಲುಗಪ್ಪ. ಬಂದ ಮ್ಯಾಲೆ ಹೇಳತೀನಿ."

"ಬರ್ಲಿ ಬಿಡ್ರಿ. ಅಲ್ಲೀತನಕ ಈಕಿ ದಿನಾ ಬರ್ತಾಳ," ಎಂದು ಅವನು ಮಗಳನ್ನು ಕರೆದುಕೊಂಡು ಕರೂರಿನ ಬಸ್ಸು ಹಿಡಿಯಲು ಬಿಸಿಲಿಗಿಳಿದ.